ದೀಪದ ಪಕ್ಕ ಇಟ್ಟ ನಾಲ್ಕನೇ ಹರಳು

ಬ್ಯಾಡಗಿಯ ಕೋಲ್ಡ್ ಸ್ಟೋರೇಜುಗಳಲ್ಲಿ ಜನ ಮೆಣಸಿನಕಾಯಿ ಚೀಲ ಇಡುತ್ತಾರೆ. ನಾನು ಐದು ಹರಳು ಇಟ್ಟಿದ್ದೆ. ಒಂದೊಂದೂ ಹೆಬ್ಬೆರಳಿನ ಉಗುರಿನಷ್ಟು ಅಗಲ, ಬೂದು ಬಣ್ಣ, ಕನ್ನಡಿಯ ಹೊಳಪು. ಅವುಗಳಲ್ಲಿ ಒಂದನ್ನು ನಾನು ಕೆಡಿಸಿದೆ. ಕೆಡಿಸಿದ್ದು ದೊಡ್ಡ ಮಾತಲ್ಲ, ಪ್ರಯೋಗ ಮಾಡುವವರ ಕೈಯಲ್ಲಿ ಏನಾದರೊಂದು ಕೆಡುತ್ತಲೇ ಇರುತ್ತದೆ. ಕೆಡಿಸಿದ್ದು ಗೊತ್ತಿದ್ದೂ ಮೂರು ತಿಂಗಳು ಬಾಯಿ ಬಿಡದೆ ಕೂತೆನಲ್ಲ, ಹೇಳಬೇಕಾದದ್ದು ಅದು.

ಎರಡು ಸಾವಿರದ ದಶಕದ ನಡುವಿನ ಮಾತು. ಹಾವೇರಿಯ ಕಾಲೇಜೊಂದರಲ್ಲಿ ನಾನು ಭೌತಶಾಸ್ತ್ರ ಪಾಠ ಮಾಡುತ್ತಿದ್ದೆ, ಜೊತೆಗೆ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರ ಸಂಶೋಧನೆಗೆ ಕೈ ಹಚ್ಚಿದ್ದೆ. ಅವರನ್ನು ನಾವೆಲ್ಲ ಗೈಡ್ ಸರ್ ಅಂತಲೇ ಕರೆಯುತ್ತಿದ್ದೆವು. ಅವರ ಕೆಳಗೆ ಪಿಎಚ್.ಡಿ. ಮಾಡುತ್ತಿದ್ದ ವಿದ್ಯಾರ್ಥಿನಿ ಗುತ್ತಲದವಳು, ರಾಣೆಬೆನ್ನೂರಿನಲ್ಲಿ ಅರೆಕಾಲಿಕ ಉಪನ್ಯಾಸಕಿ. ಬಸ್ಸಿನಲ್ಲಿ ಓಡಾಡುತ್ತ, ಬಸ್ಸಿನಲ್ಲೇ ಓದುತ್ತ ನಾಲ್ಕು ವರ್ಷ ತೆಗೆದಿದ್ದಳು. ಆ ಐದು ಹರಳು ಅವಳ ಪ್ರಬಂಧದ ಜೀವ.

ಹರಳು ಅಂದರೆ ಸಿಲಿಕಾನ್. ಕಂಪ್ಯೂಟರಿನ ಹೊಟ್ಟೆಯೊಳಗೆ ಇರುವ ಅರೆವಾಹಕ. ಅದರೊಳಗೆ ಪರಮಾಣುಗಳು ಕೂರಿಗೆಯಿಂದ ಬಿತ್ತಿದ ಸಾಲಿನಂತೆ ಅಚ್ಚುಕಟ್ಟಾಗಿ ಕೂತಿರುತ್ತವೆ. ವೇಗದ ಎಲೆಕ್ಟ್ರಾನುಗಳಿಂದ ಹೊಡೆದರೆ ಅಲ್ಲಲ್ಲಿ ಒಂದೊಂದು ಪರಮಾಣು ಸಾಲು ಬಿಟ್ಟು ಜಿಗಿದು, ಕುಳಿ ಬೀಳುತ್ತದೆ. ನಮ್ಮ ಒಂದನೇ ಹರಳಿಗೆ ಪೆಟ್ಟೇ ಬಿದ್ದಿರಲಿಲ್ಲ. ಎರಡನೆಯದಕ್ಕೆ ಸ್ವಲ್ಪ, ಮೂರನೆಯದಕ್ಕೆ ಇನ್ನಷ್ಟು, ಹೀಗೆ ಏರುತ್ತ ಐದನೆಯದಕ್ಕೆ ಎಲ್ಲಕ್ಕಿಂತ ಹೆಚ್ಚು. ಈ ದೋಷಗಳಲ್ಲಿ ಕೆಲವು ನಿಂತ ಜಾಗದಲ್ಲಿ ನಿಲ್ಲುವ ಜಾತಿಯವಲ್ಲ. ಹರಳು ಬೆಚ್ಚಗಾದರೆ ಒಳಗೇ ಅಲೆದಾಡಿ, ಒಂದು ಇನ್ನೊಂದನ್ನು ಸೇರಿ ಇಲ್ಲದಂತಾಗುತ್ತವೆ. ಗಾಯ ತಾನಾಗಿಯೇ ಮಾಯ್ದಂತೆ. ಹಾಗಾಗಿ ಪರೀಕ್ಷೆಗೆ ಒಯ್ಯುವ ತನಕ ಐದನ್ನೂ ಒಂದೇ ಸಮನಾದ ತಂಪಿನಲ್ಲಿ ಇಡಬೇಕು. ಆ ಜವಾಬ್ದಾರಿ ನನ್ನದು. ನಾನೇ ಕೇಳಿ ತೆಗೆದುಕೊಂಡದ್ದು.

ಮೊದಲು ಕಾಲೇಜಿನ ಫ್ರಿಜ್ಜಿನಲ್ಲಿ ಇಟ್ಟೆ. ನಮ್ಮ ಕಡೆ ಕರೆಂಟು ಆಗ ಬಂದರೆ ಬಂತು, ಹೋದರೆ ಹೋಯಿತು. ಒಂದು ಮಧ್ಯಾಹ್ನ ಕ್ಲಾಸು ಮುಗಿಸಿ ಬಂದು ನೋಡಿದರೆ ಒಳಗಿನ ಥರ್ಮಾಮೀಟರು ಹದಿನಾಲ್ಕಕ್ಕೆ ಏರಿ ಕೂತಿತ್ತು. ಆಗ ನೆನಪಾದವರು ಬ್ಯಾಡಗಿಯ ನಮ್ಮ ದೊಡ್ಡಪ್ಪ. ಮೆಣಸಿನಕಾಯಿ ದಲಾಲರು. ಅವರ ಮಾಲು ಇರುವ ಕೋಲ್ಡ್ ಸ್ಟೋರೇಜಿನಲ್ಲಿ ದೊಡ್ಡ ಜನರೇಟರು, ವರ್ಷವಿಡೀ ನಾಲ್ಕೈದು ಡಿಗ್ರಿ. ಇನ್ನೂ ತಂಪಿದ್ದರೆ ಒಳ್ಳೆಯದಿತ್ತು, ಆದರೆ ಏರಿಳಿತ ಇಲ್ಲದಿರುವುದು ಅದಕ್ಕಿಂತ ಮುಖ್ಯ ಎಂದು ಗೈಡ್ ಸರ್ ಒಪ್ಪಿದರು.

ಹರಳುಗಳ ಪೆಟ್ಟಿಗೆ ಹಿಡಿದು ಅವರ ಅಂಗಡಿಗೆ ಹೋದಾಗ ದೊಡ್ಡಪ್ಪ ಅದನ್ನು ಅಲುಗಾಡಿಸಿ ಕಿವಿಗೆ ಹಿಡಿದರು.

"ಎಷ್ಟ ದಿನಾ ಇಡಾಂವ ಇದನ್ನ?"

"ಎರಡು ತಿಂಗಳರಿ ದೊಡ್ಡಪ್ಪಾ."

"ಯಾಕ, ರೇಟ್ ಏರಲಿ ಅಂತೇನ?"

ಗಾದಿಯ ಮೇಲಿದ್ದವರೆಲ್ಲ ನಕ್ಕರು. ಒಳಗೆ ಕಣ್ಣಿಗೆ ಕಾಣದ ಕುಳಿ ಬಿದ್ದ ಹರಳು ಇವು ಎಂದೆ. ಆಮೇಲೆ ದೊಡ್ಡಪ್ಪ ಖರೇನ ತಿಳಿಯುವ ಆಸೆಯಿಂದ, "ಇದರಾಗಿನ ತೂತು ಹೆಂಗ ನೋಡತೀರೋ? ದುರ್ಬೀನು ಹಚ್ಚತೀರೇನು?" ಎಂದು ಕೇಳಿದರು.

"ಇಲ್ರಿ. ಮ್ಯೂಆನ್ ಅಂತ ಒಂದು ಕಣ ಅದ. ಬುಗುರಿ ಇದ್ದಂಗ ತಿಳೀರಿ. ಸಾವಿರ ಬುಗುರಿ ಒಂದ ದಿಕ್ಕಿಗೆ ಮಾರಿ ಮಾಡಿ ಹರಳಿನೊಳಗ ಬಿಡತಾರ. ಮೇಲೆ ಅಯಸ್ಕಾಂತ ಹಚ್ಚಿದ್ರ ಎಲ್ಲಾ ಒಂದ ತಾಳದಾಗ ತಿರಗತಾವು. ನೆಲಾ ಸಪಾಟ ಇದ್ರ ತಾಳ ಭಾಳ ಹೊತ್ತು ನಡೀತದ. ಕುಳಿ ಇದ್ರ ಬುಗುರಿ ಸಿಕ್ಕೊಂಡು ತಾಳ ತಪ್ಪತದ. ಎಷ್ಟ ಲಗೂ ತಾಳ ತಪ್ಪತೋ ಅಷ್ಟ ಕುಳಿ ಅದಾವು ಅಂತ ಲೆಕ್ಕ."

"ಬುಗುರಿ ತಿರಗೂದು ಯಾರಿಗೆ ಕಾಣತದ?"

"ಕಾಣಂಗಿಲ್ರಿ. ಒಂದು ಸೆಕೆಂಡಿನ್ನ ಹತ್ತು ಲಕ್ಷ ಪಾಲು ಮಾಡಿದ್ರ ಅದರಾಗ ಎರಡು ಪಾಲು ಅದರ ಆಯುಷ್ಯ. ಸಾಯೂ ಮುಂದ ತನ್ನ ಮಾರಿ ಎತ್ತಾಗ ಇತ್ತೋ ಅತ್ತಾಗ ಹೆಚ್ಚಾಗಿ ಒಂದು ಕಿಡಿ ಉಗಳತದ. ಮುಂದೊಂದು ಹಿಂದೊಂದು ಯಂತ್ರ ಇಟ್ಟು ಆ ಕಿಡಿ ಎಣಸತೇವಿ."

ದೊಡ್ಡಪ್ಪ ಸುತ್ತಲಿದ್ದವರ ಕಡೆ ನೋಡಿ, "ನಮ್ಮ ಹುಡುಗ" ಎಂದರು, ಅಷ್ಟೇ. ನನ್ನ ಎದೆ ಉಬ್ಬಿತು. ನನಗೆ ಮಾತು ಕಲಿಸಿದವರೇ ಅವರು. ಅವರ ಬಾಯಿಂದ ಆ ಎರಡು ಶಬ್ದ ಬಂದರೆ ನಾನು ನೆಲದ ಮೇಲೆ ಇರುತ್ತಿರಲಿಲ್ಲ. ಆಗ ನಾನು ಬುಗುರಿ, ಕುಳಿ, ಕಿಡಿ ಎಲ್ಲ ಹೇಳಿದೆ. ಬೆಚ್ಚಗಾದರೆ ಹರಳು ಕೆಡುತ್ತದೆ ಎಂಬುದೊಂದನ್ನು ಹೇಳಲಿಲ್ಲ. ಅದರಲ್ಲಿ ನನಗೆ ಶಹಬ್ಬಾಸ್ ಸಿಗುವಂಥದ್ದೇನೂ ಇರಲಿಲ್ಲ.

ಕೋಲ್ಡ್ ಸ್ಟೋರೇಜಿನ ಮಷೀನು ನೋಡಿಕೊಳ್ಳುವ ಆಪರೇಟರು ಪೆಟ್ಟಿಗೆಗೆ ಮೂಲೆಯಲ್ಲೊಂದು ಜಾಗ ಮಾಡಿಕೊಟ್ಟ. ಅವನ ಹತ್ತಿರ ಒಂದು ಗೇಟ್ ಬುಕ್ಕು. ಒಳಗೆ ಹೋದದ್ದು, ಹೊರಗೆ ಬಂದದ್ದು ಎಲ್ಲ ಅದರಲ್ಲಿ ಬರೆಯಬೇಕು. "ಮೆಣಸಿನಕಾಯಿ ಆದ್ರ ತೂಕಾ ಮಾಡತೇನ್ರಿ ಮಾಸ್ತರ್ರ, ನಿಮ್ದು ಎಣಿಕಿ" ಎಂದು ಪೆಟ್ಟಿಗೆ ತೆಗೆಸಿ, ಸೀನುತ್ತಲೇ ಐದೂ ಎಣಿಸಿ ಬರೆದುಕೊಂಡ. ನಾನು ವಾರಕ್ಕೆರಡು ಸಲ ಹೋಗಿ, ಅವನು ದಿನಾ ಗುರುತು ಹಾಕಿದ ಉಷ್ಣತೆಯನ್ನು ನನ್ನ ಹಾಳೆಯಲ್ಲಿ ಇಳಿಸಿಕೊಂಡು ಬರುತ್ತಿದ್ದೆ. ಹರಳಿನ ಜೊತೆ ಆ ಹಾಳೆಯೂ ಹೋಗಬೇಕು. ಪೆಟ್ಟಿಗೆ ಹೊರಗೆ ತೆಗೆದರೆ ಎಷ್ಟು ಹೊತ್ತು, ಯಾಕೆ ಎಂದು ಬರೆಯಲು ಅದರಲ್ಲಿ ಬೇರೆ ಕಾಲಮ್ಮು.

ದಸರೆ ಬಂತು, ಅದರ ಜೊತೆ ಆಯುಧಗಳ ಖಂಡೇಪೂಜೆ. ದೊಡ್ಡಪ್ಪನ ಮನೆಯಲ್ಲಿ ದೇವಿಯ ಘಟ್ಟ ಹಾಕಿ ಒಂಬತ್ತು ದಿನವೂ ಆರದಂತೆ ದೀಪ ಇಡುತ್ತಾರೆ. ನವಮಿಯ ದಿನ ಅದರ ಮುಂದೆ ತಕ್ಕಡಿ, ಕುಡುಗೋಲು, ಚೀಲ ಹೊಲಿಯುವ ದಬ್ಬಣ, ದೊಡ್ಡವ್ವನ ಹೊಲಿಗೆ ಮಷೀನಿನ ಸೂಜಿ, ಎಲ್ಲಕ್ಕೂ ಪೂಜೆ. ಹಿಂದಿನ ದಿನ ದೊಡ್ಡಪ್ಪ ಫೋನು ಮಾಡಿದರು. "ಎಲ್ಲಾರ ಹತಾರಾನೂ ಬರತಾವು, ನಿಂದು ಬರಬ್ಯಾಡೇನು? ಆ ಹರಳ ತೊಗೊಂಡ ಬಾ. ಪರದೇಶಕ್ಕ ಹೊಂಟಾವು, ಒಂದು ಕುಂಕುಮ ಬೀಳಲಿ."

ಆಗಲ್ಲ ಅನ್ನಬಹುದಿತ್ತು. ನಾನು ಮನಸ್ಸಿನೊಳಗೆ ಲೆಕ್ಕ ಹಾಕಿದೆ: ಮಂಜುಗಡ್ಡೆ ತುಂಬಿದ ಡಬ್ಬಿಯೊಳಗೆ ಪೆಟ್ಟಿಗೆ ಇಟ್ಟು ಒಯ್ಯುವುದು, ಮಂಗಳಾರತಿ ಮುಗಿಸಿ ವಾಪಸ್ಸು ತರುವುದು. ಅರ್ಧ ತಾಸಿನ ಕೆಲಸ. ಬೀಗರು ಬಿಜ್ಜರು ಸೇರಿರುತ್ತಾರೆ, ನಾಲ್ಕು ಮಂದಿ ನೋಡಲಿ ಎಂಬ ಆಸೆಯೂ ಆ ಲೆಕ್ಕದಲ್ಲಿ ಸೇರಿತ್ತು.

ಬೆಳಿಗ್ಗೆ ಕೋಲ್ಡ್ ಸ್ಟೋರೇಜಿಗೆ ಹೋದರೆ ಆಪರೇಟರು ಕಂಪ್ರೆಸರಿಗೆ ಚೆಂಡುಹೂವಿನ ಮಾಲೆ ಹಾಕುತ್ತಿದ್ದ. ಮಷೀನು ಗಡಗಡ ಓಡುತ್ತಲೇ ಇತ್ತು. ಪೂಜೆ ಅಂತ ನಿಲ್ಲಿಸಿದರೆ ಒಳಗಿನ ಮಾಲಿನ ಗತಿ ಏನು? ಓಡುವ ಮಷೀನಿಗೇ ಕುಂಕುಮ ಹಚ್ಚಿ, ಕೈ ತೊಳೆದುಕೊಂಡು ಗೇಟ್ ಬುಕ್ಕಿನಲ್ಲಿ "ಹರಳು ೫, ಹೊರಗೆ" ಎಂದು ಬರೆದು ಸಹಿ ಹಾಕಿಸಿಕೊಂಡ.

ದೊಡ್ಡಪ್ಪನ ದೇವರ ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲ. ನಾನು ಡಬ್ಬಿಯ ಸಮೇತ ಇಡಲು ಹೋದೆ. ದೊಡ್ಡವ್ವ ತಡೆದಳು. "ಡಬ್ಬಿಗಿ ಏನ ಪೂಜಿ ಮಾಡೂದು? ಒಳಗಿಂದ ಕಾಣಬೇಕಪಾ." ಸರಿ, ಒಂದನ್ನು ಹೊರಗೆ ತೆಗೆದೆ. ಕೈಗೆ ಬಂದದ್ದು ನಾಲ್ಕನೆಯದು. ಅದನ್ನು ಸುತ್ತಿದ್ದ ಹಾಳೆ ಬಿಚ್ಚಿ ಹಿತ್ತಾಳೆಯ ತಟ್ಟೆಯಲ್ಲಿ ಇಟ್ಟಳು, ದೀಪದ ಪಕ್ಕ, ಹೊಳಪು ಕಾಣಲಿ ಅಂತ. ಹೊಳೆಯಿತು. ಮಂದಿ ಬಗ್ಗಿ ಬಗ್ಗಿ ನೋಡಿದರು. ನಾನು ಇನ್ನೊಮ್ಮೆ ಬುಗುರಿಯ ಕತೆ ಹೇಳಿದೆ.

ಮಂಗಳಾರತಿ ಆಯಿತು. ನಾನು ತಟ್ಟೆಗೆ ಕೈ ಹಾಕಿದೆ.

"ಹೇ ಹೇ! ಏನ ಮಾಡಾಕತ್ತೀದಿ?" ದೊಡ್ಡಪ್ಪ. "ಪೂಜಿಗಿಟ್ಟ ಹತಾರ ನಾಳಿ ಬನ್ನಿ ಮುಡಿಯೂತನಕ ಎತ್ತಂಗಿಲ್ಲ. ಇಷ್ಟು ಗೊತ್ತಿಲ್ಲೇನ ನಿನಗ?"

ಗೊತ್ತಿತ್ತು. ಬೆಳಿಗ್ಗೆ ಅದು ನೆನಪಿಗೇ ಬಂದಿರಲಿಲ್ಲ. ಎದುರಿಗೆ ಹತ್ತು ಮಂದಿ. "ಇದು ಇಲ್ಲಿ ಇದ್ರ ಕೆಡತದರಿ" ಎಂದುಬಿಡಬಹುದಿತ್ತು. ಹಾಗೆಂದರೆ, ಕೆಡುವ ವಸ್ತುವನ್ನು ಮೆರೆಸಲಿಕ್ಕೆ ಯಾಕೆ ತಂದೆ ಎಂದು ಯಾರಾದರೂ ಕೇಳುತ್ತಿದ್ದರು. ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಉಳಿದ ನಾಲ್ಕನ್ನು ಡಬ್ಬಿಯಲ್ಲಿಟ್ಟುಕೊಂಡು ಕೋಲ್ಡ್ ಸ್ಟೋರೇಜಿಗೆ ಮರಳಿದೆ. ಆಪರೇಟರು ಎಣಿಸಿ "೪ ಒಳಗೆ" ಎಂದು ಬರೆದ.

ಮರುದಿನ ಬೆಳಿಗ್ಗೆ ಬನ್ನಿ ಮುಡಿದು, ಹಿರಿಯರ ಕಾಲಿಗೆ ಬಿದ್ದು, ಹರಳು ತೆಗೆದುಕೊಂಡೆ. ತಟ್ಟೆ ಬೆಚ್ಚಗಿತ್ತು. ಹರಳನ್ನು ಬೆಳಕಿಗೆ ಹಿಡಿದು ನೋಡಿದೆ. ಹೊಳಪು ಹಾಗೇ ಇತ್ತು. ಒಳಗೆ ಆದದ್ದು ಕಣ್ಣಿಗೆ ಕಾಣುವುದಿಲ್ಲ ಎಂದು ಮಕ್ಕಳಿಗೆ ವರ್ಷಗಟ್ಟಲೆ ಪಾಠ ಮಾಡಿದವನು, ಕಣ್ಣಿಗೆ ಕಾಣದ್ದರಿಂದ ಏನೂ ಆಗಿಲ್ಲ ಎಂದುಕೊಂಡೆ. ನನ್ನ ಹಾಳೆಯಲ್ಲಿ ಆ ಎರಡು ದಿನಗಳ ಮುಂದೆ "೫ ಡಿಗ್ರಿ" ಎಂದು ಬರೆದೆ. ಹೊರಗೆ ತೆಗೆದದ್ದರ ಕಾಲಮ್ಮಿನಲ್ಲಿ ಒಂದು ಅಡ್ಡಗೆರೆ ಎಳೆದೆ.

ಮುಂದಿನ ತಿಂಗಳು ವಿದ್ಯಾರ್ಥಿನಿ ಹರಳು ತೆಗೆದುಕೊಂಡು ಹೊರಟಳು. ಇಂಥ ಮ್ಯೂಆನ್ ಹೊಳೆ ಹರಿಸುವ ಯಂತ್ರ ಪರದೇಶದಲ್ಲಿತ್ತು. ಅಲ್ಲಿ ನಮಗೆ ಸಿಕ್ಕದ್ದು ಮೂರು ದಿನ. ಗೈಡ್ ಸರ್ ಮೊಣಕಾಲಿನ ಆಪರೇಷನ್ ಆಗಿ ಮಲಗಿದ್ದರು, ಆಕೆ ಒಬ್ಬಳೇ ಹೋದಳು. ಮೂರು ದಿನದಲ್ಲಿ ಎಷ್ಟು ತಾಸು ಮಲಗಿದಳೋ ಅವಳಿಗೇ ಗೊತ್ತು. ಹರಳನ್ನು ಯಂತ್ರದಲ್ಲಿ ಕೂಡಿಸುವುದು, ಮೈನಸ್ಸಿನ ಚಳಿಗೆ ಇಳಿಸುವುದು, ಲಕ್ಷಗಟ್ಟಲೆ ಕಿಡಿ ಎಣಿಸುವುದು, ಮತ್ತೆ ಮುಂದಿನ ಹರಳು.

ವಾಪಸ್ಸು ಬಂದ ಮೇಲೆ ಭಾನುವಾರ ರಾಣೆಬೆನ್ನೂರಿನ ಅವಳ ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ ಕೂತೆವು. ಸಿ.ಡಿ. ಹಾಕಿದಳು. ಪರದೆಯ ಮೇಲೆ ಅಲೆ ಅಲೆಯಾಗಿ ಗೆರೆ ಮೂಡಿತು. ಮುಂದಿನ ಯಂತ್ರದ ಎಣಿಕೆಯಿಂದ ಹಿಂದಿನದರ ಎಣಿಕೆ ಕಳೆದರೆ ಬುಗುರಿಗಳ ತಾಳ ಅಲೆಯಾಗಿ ಕಾಣುತ್ತದೆ; ದೋಷ ಹೆಚ್ಚಿದ್ದರೆ ಅಲೆ ಬೇಗ ಸೊರಗುತ್ತದೆ. ಒಂದನೇ ಹರಳಿನ ಅಲೆ ಕೊನೆಯ ತನಕ ಗಟ್ಟಿಯಾಗಿತ್ತು. ಎರಡು, ಮೂರು ಕ್ರಮವಾಗಿ ಬೇಗ ಸೊರಗಿದವು. ಐದನೆಯದು ಹುಟ್ಟುತ್ತಲೇ ಸತ್ತಂತೆ. ನಾಲ್ಕನೆಯದು ಮಾತ್ರ ಹೆಚ್ಚು ಕಡಿಮೆ ಎರಡನೆಯದರ ಹಾಗೆ ತೂಗುತ್ತಿತ್ತು.

"ನೋಡ್ರಿ ಸರ್, ಏಣಿ ಹತ್ತಾಕತ್ತೇವಿ, ನಾಕನೇ ಮೆಟ್ಟಲಾ ಕೆಳಗ ಅದ" ಎಂದಳು. ದನಿ ಸಣ್ಣಗಾಗಿತ್ತು. "ನಾ ಏನೋ ತಪ್ಪ ಮಾಡೇನಿ."

ನನಗೆ ಆ ಕ್ಷಣಕ್ಕೇ ತಿಳಿಯಿತು. ಪರದೆಯ ಮೇಲೆ ಇದ್ದದ್ದು ದೊಡ್ಡಪ್ಪನ ದೇವರ ಕೋಣೆಯ ಒಂದು ಹಗಲು, ಒಂದು ರಾತ್ರಿ. ಕುಳಿಗಳು ಮಾಯ್ದಿದ್ದವು. ನಾನು ಕನ್ನಡಕ ತೆಗೆದು ಒರೆಸಿದೆ. "ಇನ್ನೊಮ್ಮೆ ನೋಡೋಣ ತಂಗಿ" ಎಂದೆ.

ಆಕೆ ಎರಡು ತಿಂಗಳು ನೋಡಿದಳು. ಎಲ್ಲ ಅನುಮಾನಗಳನ್ನೂ ತನ್ನ ಮೇಲೆ ಹಾಕಿಕೊಂಡು ಒಂದೊಂದೇ ಪರೀಕ್ಷಿಸಿದಳು. ಕೂಡಿಸುವಾಗ ಎರಡು ಮತ್ತು ನಾಲ್ಕು ಅದಲುಬದಲಾದವೇ? ಬದಲಿಸಿ ಲೆಕ್ಕ ಹಾಕಿದಳು, ಹೊಂದಲಿಲ್ಲ. ಮ್ಯೂಆನುಗಳು ಹರಳು ಬಿಟ್ಟು, ಅದನ್ನು ಕೂಡಿಸಿದ್ದ ಬೆಳ್ಳಿಯ ತಗಡಿಗೆ ಬಿದ್ದವೇ? ಆ ಪಾಲು ಕಳೆದು ಮತ್ತೆ ಲೆಕ್ಕ ಹಾಕಿದಳು. ಆಗಲೂ ಇಲ್ಲ. ತಂಪು ಸರಿಯಾಗಿ ಇಳಿಯುವ ಮೊದಲೇ ಎಣಿಕೆ ಶುರು ಮಾಡಿದೆನೇ? ಅಲ್ಲಿನ ದಾಖಲೆಯನ್ನೆಲ್ಲ ನಿಮಿಷ ನಿಮಿಷ ತಾಳೆ ಹಾಕಿದಳು. ಪ್ರತಿ ಭಾನುವಾರ ಗುತ್ತಲದಿಂದ ಬಸ್ಸು ಹಿಡಿದು ಬರುವಳು, ನಾನು ಹಾವೇರಿಯಿಂದ ಹೋಗುವೆ, ಪಕ್ಕದಲ್ಲಿ ಕೂತು ಹೂಂಗುಡುವೆ. ಇದಕ್ಕಿಂತ ಹೇಸಿಗೆಯ ಕೆಲಸ ನನ್ನ ಸರ್ವಿಸ್ಸಿನಲ್ಲಿ ನಾನು ಮಾಡಿಲ್ಲ.

ಒಂದು ಭಾನುವಾರ ಆಕೆ ಕಣ್ಣಲ್ಲಿ ನೀರು ತಂದಳು. "ಸರ್, ಮೂರನೇ ದಿನಾ ನನಗ ಭಾಳ ನಿದ್ದಿ ಬಂದಿತ್ರಿ. ಕೈ ತಪ್ಪಿ ಏನ ಮಾಡೇನೋ ನನಗ ನೆನಪ ಇಲ್ಲ." ಮಾಡದ ತಪ್ಪನ್ನು ನೆನಪು ಮಾಡಿಕೊಳ್ಳಲು ಹೆಣಗುತ್ತಿದ್ದಳು. ನಾನು ಏನಂದೆ ಗೊತ್ತೇನ್ರಿ? "ಇರಲಿ ತಂಗಿ. ಎಲ್ಲಾರೂ ತಪ್ಪತಾರ. ಮನಸಿಗೆ ಹಚ್ಚಿಕೋಬ್ಯಾಡ" ಅಂದೆ. ಆಕೆ ಕಣ್ಣೊರೆಸಿಕೊಂಡು, "ನೀವು ಅದೀರಿ ಅಂತ ಧೈರ್ಯ ಸರ್" ಎಂದಳು. ಹಾಳೆಯಲ್ಲಿ ಐದು ಎಂದು ಬರೆದದ್ದನ್ನು ನಾನು ಹೇಗೋ ಹೊತ್ತುಕೊಂಡೇನು. ಆ ಸಮಾಧಾನದ ಮಾತು ನೆನಪಾದರೆ ಈಗಲೂ, ಯಾರೂ ಇಲ್ಲದ ಕೋಣೆಯಲ್ಲಿ, ತಲೆ ತಗ್ಗಿಸುತ್ತೇನೆ.

ಪೂರಾ ಹೇಳುವ ಎದೆಯಿಲ್ಲದೆ ಅರ್ಧ ಹೇಳಲು ನೋಡಿದೆ. "ಎಲ್ಲೋ ದಾರಿಯಾಗ ಬೆಚ್ಚಗಾಗಿರಬೇಕು, ವಿಮಾನದಾಗ" ಎಂದೆ. ಮುಂದಿನ ವಾರ ಆಕೆ ಡಬ್ಬಿಯೊಳಗೆ ಇಟ್ಟಿದ್ದ ಉಷ್ಣತೆ ಬರೆಯುವ ಪುಟ್ಟ ಯಂತ್ರದ ಮುದ್ರಿತ ಹಾಳೆ ತಂದಳು. ಹಾವೇರಿಯಲ್ಲಿ ನಾನು ಪೆಟ್ಟಿಗೆ ಕೊಟ್ಟಾಗಿನಿಂದ ಅಲ್ಲಿಯ ತನಕ ಗೆರೆ ನೆಟ್ಟಗಿತ್ತು. "ದಾರಿಯಾಗ ಏನೂ ಆಗಿಲ್ಲರಿ. ಅದಕ್ಕಿಂತ ಮೊದಲಂತೂ ನಿಮ್ಮ ಹಾಳೆ ಅದ. ಅಂದಮ್ಯಾಲೆ ಅಲ್ಲೇ, ನನ್ನ ಕೈಯಾಗ." ನನ್ನ ಹಾಳೆಯನ್ನು ಆಕೆ ಒಮ್ಮೆಯೂ ಅನುಮಾನಿಸಿರಲಿಲ್ಲ.

ಗೈಡ್ ಸರ್ ಫೆಬ್ರುವರಿಯಲ್ಲಿ ಇಬ್ಬರನ್ನೂ ಕರೆಸಿ, ನನ್ನೆದುರಿಗೇ ಆಕೆಯನ್ನು ಬೈದು ತೀರ್ಪು ಕೊಟ್ಟರು. ಹರಳು ಕೂಡಿಸುವಾಗ ತನ್ನಿಂದ ತಪ್ಪಾಗಿದೆ ಎಂದು ಆಕೆ ಪರದೇಶದ ಪ್ರಯೋಗಾಲಯಕ್ಕೆ ಪತ್ರ ಬರೆಯಬೇಕು, ಅದು ಸೋಮವಾರವೇ ಅಂಚೆಗೆ ಹೋಗಬೇಕು. ಮುಂದಿನ ಸಲ ಅಳತೆಗೆ ಬೇರೆ ವಿದ್ಯಾರ್ಥಿ ಹೋಗುತ್ತಾನೆ. ಅವಳ ಪ್ರಬಂಧದ ಮುಖ್ಯ ಅಧ್ಯಾಯ ಆ ಅಳತೆಯ ಮೇಲೆ ನಿಂತಿತ್ತು. ಇನ್ನೊಬ್ಬನ ಕೈಗೆ ಅದು ಹೋದರೆ ನಾಲ್ಕು ವರ್ಷದ ದುಡಿಮೆ ಅರ್ಧಕ್ಕೆ ನಿಂತಂತೆ.

ಶುಕ್ರವಾರ ಆಕೆಯ ಫೋನು. "ಸರ್, ನಾಳೆ ಬ್ಯಾಡಗಿಗೆ ಬರತೇನ್ರಿ. ಪತ್ರ ಕಳಸೂ ಮೊದಲ ಹರಳು ಇಟ್ಟ ಜಾಗಾ ಒಮ್ಮಿ ಕಣ್ಣಿಲೆ ನೋಡತೇನಿ. ಬ್ಯಾರೆ ಏನಿಲ್ಲ, ಮನಸಿನ ಸಮಾಧಾನಕ್ಕ."

ಗೇಟ್ ಬುಕ್ಕು! ಅಷ್ಟು ದಿನ ಅದು ನನ್ನ ತಲೆಗೇ ಹೊಳೆದಿರಲಿಲ್ಲ.

ಶನಿವಾರ ಮುಂಜಾನೆಯ ರೈಲಿಗೇ ಬ್ಯಾಡಗಿಗೆ ಹೋದೆ. ಆಕೆಗಿಂತ ಮೊದಲು ಮುಟ್ಟಬೇಕಿತ್ತು. ಸುಗ್ಗಿಯ ದಿನಗಳು, ಊರೆಲ್ಲ ಕೆಂಪು. ಕೋಲ್ಡ್ ಸ್ಟೋರೇಜಿನ ಮುಂದೆ ಲಾರಿಗಳ ಸಾಲು, ಹಮಾಲರ ಕೂಗು. ಆಪರೇಟರಿಗೆ ಉಸಿರಾಡಲು ಪುರುಸೊತ್ತಿಲ್ಲ.

"ಹಳೇ ಗೇಟ್ ಬುಕ್ ಬೇಕಾಗಿತ್ತಲ್ಲಪಾ. ದಸರಾದ್ದು."

"ಆ ಕಪಾಟಿನಾಗ ಐತ್ರಿ, ತೊಗೋರಿ. ನಿಮಗ ನಾ ಏನ ತೆಗದ ಕೊಡಬೇಕ್ರಿ" ಎಂದು ಲಾರಿಯ ಕಡೆ ಓಡಿದ.

ಸಣ್ಣ ಆಫೀಸಿನಲ್ಲಿ ನಾನೊಬ್ಬನೇ. ಪುಟ ಸಿಕ್ಕಿತು. ಹರಳು ೫ ಹೊರಗೆ. ೪ ಒಳಗೆ. ಮರುದಿನ ೧ ಒಳಗೆ. ಮೂರೂ ಸಾಲಿನ ಮುಂದೆ ನನ್ನದೇ ಸಹಿ. ಪುಟದ ಬುಡವನ್ನು ಬೆರಳಲ್ಲಿ ಹಿಡಿದು ನೋಡಿದೆ. ದಾರದ ಹೊಲಿಗೆ. ಒಂದು ಹಾಳೆ ಹರಿದರೆ ಆಚೆ ಕಡೆಯ ಜೋಡಿ ಹಾಳೆ ಸಡಿಲಾಗುತ್ತದೆ, ಎರಡನ್ನೂ ತೆಗೆದರೆ ಯಾರಿಗೂ ತಿಳಿಯಲಿಕ್ಕಿಲ್ಲ. ಅಷ್ಟು ದೂರ ಹೋಗಿದ್ದೆ, ಸುಳ್ಳು ಹೇಳುವುದಿಲ್ಲ.

ಜೋಡಿ ಹಾಳೆಯಲ್ಲಿ ಏನಿದೆ ಎಂದು ತಿರುವಿದೆ. ಆಪರೇಟರಿನ ಬಾಗಿದ ಅಕ್ಷರ: "ಮಾಸ್ತರರ ಚಪ್ಪಲಿ ಜೋಡು ೧. ಇಲ್ಲೇ ಮರೆತು ಹೋಗಿದ್ದರು. ವಾಪಸ್ ಕೊಟ್ಟಿದೆ." ಹೌದು, ಒಮ್ಮೆ ಅವನ ಗಂಬೂಟು ಹಾಕಿಕೊಂಡು ಒಳಗೆ ಹೋದವನು ಹೊರಗೆ ಬರುವಾಗ ಅವನ್ನೇ ಹಾಕಿಕೊಂಡು ಊರಿಗೆ ಹೋಗಿದ್ದೆ, ಇಡೀ ಬಸ್ಸು ನಕ್ಕಿತ್ತು. ಅದನ್ನೂ ಬರೆದಿಟ್ಟಿದ್ದ. ನಾಲ್ಕನೇ ಇಯತ್ತೆ ಕಲಿತ ಮನುಷ್ಯ, ನನ್ನ ಚಪ್ಪಲಿಯ ವಿಷಯದಲ್ಲಿ ಕೂಡ ಆದದ್ದನ್ನು ಆದಂತೆ ಬರೆದಿದ್ದ. ಎಂ.ಎಸ್ಸಿ. ಮಾಡಿದ ನಾನು ಅಡ್ಡಗೆರೆ ಎಳೆದಿದ್ದೆ. ನಗು ಬರಬೇಕಿತ್ತು. ಅಳು ಬಂತು. ಬುಕ್ಕು ಮುಚ್ಚದೆ, ಆ ಪುಟದ ಮೇಲೆ ಕೈಯಿಟ್ಟುಕೊಂಡು ಕೂತೆ.

ಹತ್ತು ಗಂಟೆಗೆ ಆಕೆ ಬಂದಳು. ಘಾಟಿಗೆ ಸೆರಗು ಮೂಗಿಗೆ ಹಿಡಿದಿದ್ದಳು. "ಎಷ್ಟೊತ್ತಾತ್ರಿ ಸರ್ ಬಂದು?"

"ಕುಂದರು ತಂಗಿ. ಇದನ್ನ ಓದು." ಸಾಲಿನ ಮೇಲೆ ಬೆರಳಿಟ್ಟೆ.

ಓದಿದಳು. ಇನ್ನೊಮ್ಮೆ ಓದಿದಳು. ನಾನು ಎಲ್ಲ ಹೇಳಿದೆ, ದೀಪ, ತಟ್ಟೆ, ಹಾಳೆಯಲ್ಲಿ ಬರೆದ ಐದು. ಮೊದಲ ಭಾನುವಾರವೇ ನನಗೆ ತಿಳಿದಿತ್ತು ಎಂಬುದನ್ನೂ ಹೇಳಿದೆ. ಬೈಯಲಿ ಎಂದು ಕಾದೆ. ಆಕೆ ಚೀಲದಿಂದ ನೋಟ್‌ಬುಕ್ಕು, ಪೆನ್ನು ತೆಗೆದಳು.

"ಎಷ್ಟ ತಾಸು ಇತ್ರಿ?"

"ಇಪ್ಪತ್ತೆರಡು... ಇಪ್ಪತ್ಮೂರು."

"ದೀಪದಿಂದ ಎಷ್ಟ ದೂರ?"

"ಒಂದು ಗೇಣು. ಇಲ್ಲ, ಅದಕ್ಕಿಂತ ಕಡಿಮಿ."

"ಒಂದ ದೀಪಾನೋ, ಎರಡೋ? ಬಾಗಲಾ ಮುಚ್ಚಿತ್ತೋ ತೆರದಿತ್ತೋ?"

ಒಂದೊಂದಕ್ಕೂ ಉತ್ತರ ಬರೆದುಕೊಂಡಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಲುಗೆಯೂ ಇರಲಿಲ್ಲ. "ಆ ಮನೀಗಿ ಹೋಗಿ ಅಳೀಬೇಕ್ರಿ" ಎಂದು ಎದ್ದಳು.

ದೊಡ್ಡಪ್ಪ ಊಟಕ್ಕೆ ಮನೆಗೆ ಬಂದಿದ್ದರು. ದೀಪ ಹಚ್ಚಿ, ಅದೇ ತಟ್ಟೆ ಅದೇ ಜಾಗದಲ್ಲಿ ಇಡಬೇಕು ಎಂದೆ. ದೊಡ್ಡವ್ವ ವಿಚಿತ್ರವಾಗಿ ನೋಡಿದರೂ ಇಟ್ಟುಕೊಟ್ಟಳು. ಆಕೆ ತಟ್ಟೆಗೆ ಥರ್ಮಾಮೀಟರು ಆನಿಸಿ ನೆಲದ ಮೇಲೆ ಕೂತಳು. ಹತ್ತು ನಿಮಿಷಕ್ಕೊಮ್ಮೆ ಬರೆದುಕೊಂಡಳು. ಕೋಣೆಯ ಉಷ್ಣತೆಯನ್ನೂ ಬೇರೆ ಬರೆದಳು. ದಸರಾದಲ್ಲಿ ಸೆಕೆ ಹೆಚ್ಚು, ಅದನ್ನು ಕೂಡಿಸಬೇಕಲ್ಲ. ತಟ್ಟೆ ನಲವತ್ತಾರಕ್ಕೆ ಬಂದು ನಿಂತಿತು.

"ಏನ ನಡಸೀರಿ ಇದು?" ದೊಡ್ಡಪ್ಪ ಬಾಗಿಲಲ್ಲಿ ನಿಂತರು. ನಾನು ಹೇಳಿದೆ. ಬೆಚ್ಚಗಾದರೆ ಆ ಹರಳು ಕೆಡುತ್ತಿತ್ತು, ಆವತ್ತು ನೀವು ಎತ್ತಬೇಡ ಅಂದಿರಿ, ನಾನು ಬಿಟ್ಟುಹೋದೆ.

ಅವರ ಮುಖ ಇಳಿಯಿತು. "ಕೆಡತದ ಅಂತ ಆವತ್ತ ಯಾಕ ಹೇಳಲಿಲ್ಲೋ?"

"ಪೂಜಿಗಿಟ್ಟದ್ದು ಎತ್ತಬಾರದು ಅಂತ..."

"ಹುಚ್ಚಪ್ಪಾ!" ಅವರು ಕಟ್ಟೆಯ ಮೇಲೆ ಕೂತರು. "ಹಿಂದಕ ಖಂಡೇಪೂಜಿ ದಿನಾನ ನನ್ನ ಸೊಸಿಗೆ ಬ್ಯಾನಿ ಬಂತು. ಜೀಪಿನ ಕೀಲಿ ಇದ ಜಾಗಾದಾಗ, ದೇವರ ಮುಂದ ಇತ್ತು. ಯಾರ ಎತ್ತಿ ಕೊಟ್ಟರು? ನಾನ. ಗಾಲಿ ಕೆಳಗಿನ ನಿಂಬಿಹಣ್ಣ ಸೈತ ತೆಗದಿದ್ದಿಲ್ಲ, ಅದರ ಮ್ಯಾಲ ಹಾಯಿಸಿ ಹಾವೇರಿ ದವಾಖಾನಿಗಿ ಕಳಸಿದೆ. ದೇವಿ ಸಿಟ್ಟಾದಳೇನು? ಹೆಣ್ಣಕೂಸು ಹುಟ್ತು, ಅಕಿ ಹೆಸರನ ಇಟ್ಟೇವಿ. ಒಂದು ಮಾತು, ಒಂದ ಮಾತು ಅಂದಿದ್ರ ನಾನ ಎತ್ತಿ ನಿನ್ನ ಕೈಯಾಗ ಕೊಡತಿದ್ದೆ." ಆಮೇಲೆ ಆಕೆಯ ಕಡೆ ತಿರುಗಿ ಎರಡೂ ಕೈ ಜೋಡಿಸಿದರು. "ನಮ್ಮ ಮನಿಯಾಗ ನಿನ್ನ ಮಾಲು ಕೆಟ್ಟತವಾ. ತಪ್ಪಾತು."

"ಅಯ್ಯ, ನೀವ್ಯಾಕ್ರಿ ಅಜ್ಜಾರ!" ಎಂದು ಆಕೆ ಎದ್ದು ಅವರ ಕೈ ಹಿಡಿದುಕೊಂಡಳು. ಅಂದು ಅವಳ ಮುಖದಲ್ಲಿ ನಾನು ಕಂಡ ಒಂದೇ ಒಂದು ಮೃದುತನ ಅದು, ಅದು ನನಗಲ್ಲ.

ಮೂರು ತಿಂಗಳು ನಾನು ಆ ಪದ್ಧತಿಯ ಹಿಂದೆ ಅಡಗಿ ಕೂತಿದ್ದೆ. ಹಿರಿಯರ ಮಾತು ಮೀರಲಾಗಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಹಿರಿಯರಿಗೆ ಆಡುವ ಮಾತನ್ನೇ ನಾನು ಆಡಿರಲಿಲ್ಲ.

ಪತ್ರ ನಾನು ಬರೆಯುತ್ತೇನೆ ಎಂದೆ. ಗೈಡ್ ಸರ್‌ಗೊಂದು, ಪ್ರಯೋಗಾಲಯಕ್ಕೊಂದು. ರಾತ್ರಿ ಕೂತು ಬರೆದು, ಭಾನುವಾರ ರಾಣೆಬೆನ್ನೂರಿಗೆ ಒಯ್ದು ಅವಳಿಗೆ ತೋರಿಸಿದೆ. ನಮ್ಮ ಕಡೆಯ ಒಂದು ಹಬ್ಬ, ಪೂಜೆಗಿಟ್ಟದ್ದನ್ನು ಎತ್ತಬಾರದೆಂಬ ಸಂಪ್ರದಾಯ, ಮನೆಯ ಹಿರಿಯರ ಕಟ್ಟಪ್ಪಣೆ, ಇವನ್ನೆಲ್ಲ ಎರಡು ಪ್ಯಾರಾದ ತುಂಬ ವಿವರಿಸಿದ್ದೆ. ಕೊನೆಯಲ್ಲಿ ಕ್ಷಮೆ ಕೇಳಿದ್ದೆ. ಆಕೆ ಪೆನ್ಸಿಲು ತೆಗೆದು ಆ ಎರಡೂ ಪ್ಯಾರಾಕ್ಕೆ ಅಡ್ಡ ಗೀಟು ಹಾಕಿದಳು.

"ಅಜ್ಜಾರನ್ನ ಯಾಕ್ರಿ ನಡುವ ತರತೀರಿ? ಅವರಿಗೆ ಗೊತ್ತ ಇದ್ದಿಲ್ಲ. ದೇವರನ್ನೂ ಬಿಡ್ರಿ."

ಅವನ್ನು ತೆಗೆದರೆ ಉಳಿದದ್ದು ನಾಲ್ಕು ಸಾಲು. ನಾಲ್ಕನೇ ಹರಳನ್ನು ಇಂಥ ದಿನ ಹೊರಗೆ ಒಯ್ದವನು ನಾನು. ಇಷ್ಟು ತಾಸು ಇಷ್ಟು ಬಿಸಿಯಲ್ಲಿ ಇತ್ತು. ದಾಖಲೆಯಲ್ಲಿ ಸುಳ್ಳು ಬರೆದವನು ನಾನು. ವಿದ್ಯಾರ್ಥಿನಿಯ ಅಳತೆ ಸರಿಯಾಗಿದೆ. ಕೆಳಗೆ ಸಹಿ ಹಾಕಿದೆ. ಗೇಟ್ ಬುಕ್ಕಿನಲ್ಲಿ ಮೂರು ಸಲ ಹಾಕಿದ್ದ ಅದೇ ಸಹಿ.

ಪತ್ರ ಮುಟ್ಟಿದ ದಿನ ಗೈಡ್ ಸರ್ ಫೋನು ಮಾಡಿದರು. "ಆ ಹುಡುಗಿಗೆ ನಾ ಏನೇನ ಅಂದೇನಿ, ನಿಮಗ ಗೊತ್ತದ. ನೀವು ಅಲ್ಲೇ ಕುಂತಿದ್ದಿರಿ" ಎಂದರು. ಆಮೇಲೆ, "ಇನ್ನ ಮುಂದ ಸ್ಯಾಂಪಲ್ ಮುಟ್ಟಬ್ಯಾಡ್ರಿ" ಎಂದು ಇಟ್ಟುಬಿಟ್ಟರು.

ಮುಂದಿನ ಅಳತೆಗೆ ಆಕೆಯೇ ಹೋಗುವುದೆಂದು ಗಟ್ಟಿಯಾಯಿತು. ಹೊಸ ನಾಲ್ಕನೇ ಹರಳಿಗೆ ಪೆಟ್ಟು ಹಾಕಿಸಿ ತರಿಸಿದರು ಎಂದು ಕೇಳಿದೆ. ಒಂದು ದಿನ ಹಾವೇರಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು, ಗುತ್ತಲದ ಬಸ್ಸಿಗೆ ಕಾಯುತ್ತಿದ್ದಳು. "ಆರಾಮರಿ ಸರ್?" ಎಂದಳು. "ಆರಾಮವಾ, ನೀ ಎಂದು ಹೊಂಟಿ?" ಎಂದೆ. ತಿಂಗಳ ಕೊನೆಗೆ ಎಂದಳು. ಅಷ್ಟರಲ್ಲಿ ಬಸ್ಸು ಬಂತು. ಆ ಐದು ಹರಳು ಈ ಸಲ ಯಾವ ಊರಿನ ಯಾವ ತಂಪಿನಲ್ಲಿ ಇದ್ದವೋ ಆಕೆ ಹೇಳಲಿಲ್ಲ. ನಾನೂ ಕೇಳಲಿಲ್ಲ.